ಪರದೆಯ ಬಣ್ಣ

ಇಪ್ಪತ್ತೆರಡು ವರ್ಷ ರೇಷ್ಮೆಗೂಡು ಹೊತ್ತ ಮೆಟಡೋರು.
ರಾಮನಗರದಿಂದ ಶಿಡ್ಲಘಟ್ಟಕ್ಕೆ, ಹರಾಜು ಕೂಗುವ ಮುಂಚೆ.
ಕೊನೆಯ ಆರು ತಿಂಗಳ ಸಂಬಳಕ್ಕೆ ಬದಲು
ಸಾಹುಕಾರ ಕೀಲಿಕೈ ಕೊಟ್ಟು ಕೈಮುಗಿದನಂತೆ.
ಇವರು ಮನೆ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದಾಗ
ನಾನು ಅನ್ನ ಬಸಿಯುತ್ತಿದ್ದೆ.

"ಒಳಗೊಂದು ಮನೆ ಮಾಡೋಣ" ಅಂದವಳು ನಾನೇ.
"ಎಂಥ ಮನೆ?"
ಗೋಡೆಯಿಂದ ಫೋಟೋ ಇಳಿಸಿ ಡ್ರೈವರ್ ಸೀಟಿನ ಮೇಲಿಟ್ಟೆ.
ಚಿಂತಾಮಣಿ, ಎಂಬತ್ತೆರಡನೇ ಇಸವಿ, ಮದುವೆಯಾಗಿ ಹನ್ನೊಂದು ದಿನ.
ಚೌಕಳಿ ನೆಲ, ಕಾಲು ಬಾಗಿದ ಸೋಫಾ,
ತಂತಿಯಿಲ್ಲದ ಟೆಲಿಫೋನು, ಮರದ ಪೆಟ್ಟಿಗೆಯ ರೇಡಿಯೋ,
ಹಿಂದೆ ನೆರಿಗೆ ನೆರಿಗೆಯಾಗಿ ಇಳಿದ ಪರದೆ.
ಯಾರದೋ ಮನೆಗೆ ಬಂದ ನೆಂಟರ ಹಾಗೆ
ಸೋಫಾದ ಅಂಚಿನಲ್ಲಿ ನಾವಿಬ್ಬರು.
"ಇಂಥಾದ್ದು" ಅಂದೆ.

ವ್ಯಾನಿನೊಳಗೆ ನೇರ ಅನ್ನುವುದೇ ಇಲ್ಲ.
ಮೂಲೆಮಟ್ಟ ಇಟ್ಟರೆ ಮೂಲೆಮಟ್ಟವೇ ನಾಚಬೇಕು,
ಗೋಡೆಗೆ ಹೊಟ್ಟೆ ಬಂದಿದೆ, ಸೂರಿಗೆ ಗೂನು.
ರವಿಕೆಗೆ ತೆಗೆಯುವ ಹಾಗೆ ಅಳತೆ ತೆಗೆದೆ,
ಹಳೇ ಪೇಪರು ಒತ್ತಿ, ಸೀಮೆಸುಣ್ಣ ಗೀಚಿ.
ಕಂಕುಳು ಬರುವ ಜಾಗದಲ್ಲಿ ಚಕ್ರದ ಗುಬ್ಬು ಬಂತು.
ಮೂವತ್ತು ವರ್ಷ ಹೊಲಿದ ಕೈ ಇದು,
ಪ್ಲೈವುಡ್ಡೂ ಬಟ್ಟೆಯೇ, ಸ್ವಲ್ಪ ಹಟಮಾರಿ.
ಆದರೆ ಬಟ್ಟೆಯಾದರೆ ಒಳಕ್ಕೆ ಮಡಚಿ ತಪ್ಪು ಮುಚ್ಚಬಹುದು.
ಇಲ್ಲಿ ತಪ್ಪು ಕಣ್ಣೆದುರೇ ಕೂರುತ್ತದೆ.
ನನ್ನವು ಏಳು ಕೂತಿವೆ. ಬೇಕಾದರೆ ಎಣಿಸಿ.

ವಾಸನೆ ಮಾತ್ರ ಹೋಗಲಿಲ್ಲ.
ಫಿನಾಯಿಲು, ಬೇವಿನ ಹೊಗೆ, ಕಾಫಿ ಚರಟ,
ಯಾವುದಕ್ಕೂ ಜಗ್ಗಲಿಲ್ಲ ಆ ಹುಳದ ವಾಸನೆ.
ಬಾಗಿಲ ತಗಡು ಬಿಚ್ಚಿದ ದಿನ ಸಂದಿಯಲ್ಲೊಂದು ಗೂಡು,
ತುದಿಗೆ ತೂತು. ಚಿಟ್ಟೆ ಯಾವ ಊರಲ್ಲಿ ಇಳಿದುಹೋಯಿತೋ!
ಇವರು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ,
"ನೂಲು ತುಂಡಾಗಿದೆ, ಮಾರ್ಕೆಟ್ಟಲ್ಲಿ ಮೂರು ಕಾಸಿಗಿಲ್ಲ" ಅಂದರು.
ಎಸೆಯಲಿಲ್ಲ.

ನೆಲಕ್ಕೆ ಕರಿಬಿಳಿ ಚೌಕಳಿ ಹಾಸಿದೆವು,
ಸೋಫಾಕ್ಕೆ ರೆಕ್ಸಿನ್ನು, ಬಾಟ್ಲಿಮುಚ್ಚಳದಷ್ಟಗಲ ಗುಂಡಿ,
ರೇಡಿಯೋ ಗುಜರಿಯಲ್ಲಿ ಸಿಕ್ಕಿತು, ಒಳಗೆ ಜಿರಳೆಸಮೇತ.
ಜಗಳ ಬಂದದ್ದು ಪರದೆಗೆ.
"ಮೆರೂನು" ಅಂದರು ಇವರು.
"ನವಿಲು ಹಸಿರು, ನನ್ನ ಸೆರಗಿಗೆ ಹೊಂದಿತ್ತು" ಅಂದೆ.
"ನಿನ್ನ ಸೆರಗು ಹಳದಿಯಲ್ಲವಾ?"
ಅಲ್ಲಿಗೆ ಎರಡು ದಿನ ಮಾತಿಲ್ಲ.
ಕಪ್ಪುಬಿಳುಪು ಫೋಟೋ ಇಬ್ಬರ ನಡುವೆ
ಸಾಕ್ಷಿ ಹೇಳಲು ಒಪ್ಪದೆ ಕೂತಿತ್ತು.

ಚಿಂತಾಮಣಿಗೇ ಹೋದೆವು.
ಸ್ಟುಡಿಯೋ ಈಗ ಮೊಬೈಲ್ ಕವರಿನ ಅಂಗಡಿ,
ಗಲ್ಲಾಪೆಟ್ಟಿಗೆಯಲ್ಲಿ ಸ್ಟುಡಿಯೋದವರ ಮಗಳು ವನಮಾಲ.
ಫೋಟೋ ಬೆಳಕಿಗೆ ಹಿಡಿದು ನಕ್ಕಳು:
"ಪರದೆ ಎಲ್ಲಿತ್ತಕ್ಕ? ಗೋಡೆ ಮೇಲೆ ಬರೆಸಿದ್ದು.
ಬೋರ್ಡು ಬರೆಯೋನು ಬೂದಿ ಬಣ್ಣದಲ್ಲಿ ಎಳೆದಿದ್ದ.
ಕಿಟಕಿನೂ ಇರಲಿಲ್ಲ. ಹಿಂದುಗಡೆ ಉಪ್ಪಿನ ಗೋಡೌನು."

ವಾಪಸು ಬಸ್ಸಿನಲ್ಲಿ ಇವರು ಕಡಲೆಕಾಯಿ ಸುಲಿದು ಸುಲಿದು
ನನ್ನ ಕೈಗೇ ಹಾಕುತ್ತಿದ್ದರು.
"ಮೆರೂನೂ ಅಲ್ಲ" ಅಂದರು ಒಂದು ಸಲ.
"ಹಸಿರೂ ಅಲ್ಲ" ಅಂದೆ ಸ್ವಲ್ಪ ಹೊತ್ತು ಬಿಟ್ಟು.

ಮರುದಿನ ಗ್ಯಾರೇಜಿನ ಇಮ್ತಿಯಾಜ್ ಗ್ರೈಂಡರು ತಂದ.
ಗುರುತು ನಾನೇ ಹಾಕಿದ್ದು, ಎರಡೂವರೆ ಅಡಿಗೆ ಒಂದೂವರೆ.
ಕಿಡಿ ಹಾರಿ, ಕಿವಿ ಕಿವುಡಾಗಿ, ತಗಡು ಕಳಚಿ ಬಿದ್ದರೆ
ಆಚೆ ನಮ್ಮದೇ ಬೀದಿ.
ಎದುರುಮನೆ ಮುನಿಲಕ್ಷ್ಮಿ ಮೊರದಲ್ಲಿ ರಾಗಿ ಕೇರುವುದು ನಿಲ್ಲಿಸಿ
"ಏನಕ್ಕ ಅದು, ಟೀವೀನಾ?" ಅಂದಳು.
ನಾವಿಬ್ಬರೂ ಸೋಫಾದ ಮೇಲೆ ಕೂತಿದ್ದೆವು.
ಅಂಚಿನಲ್ಲಲ್ಲ, ಒರಗಿ.

ಪರದೆ ಇನ್ನೂ ಹೊಲಿದಿಲ್ಲ.
ಎಲ್ಲಿಗೆ ಹೊರಡುವುದೆಂದೂ ಮಾತಾಗಿಲ್ಲ.
ಈ ರಾತ್ರಿ ಬೀದಿದೀಪ ಸೀದಾ ಒಳಗೆ ಬಂದು
ಚೌಕಳಿಯ ಮೇಲೆ ಕೂತಿದೆ.
ಮಂಚ ಆರಂಗುಲ ಗಿಡ್ಡ.
ಅದು ನನ್ನ ಎಂಟನೇ ತಪ್ಪು.
ಹಿಂಬಾಗಿಲು ತೆರೆದೇ ಬಿಟ್ಟಿದ್ದೇವೆ,
ಇವರ ಪಾದಗಳೆರಡೂ
ಆಚೆ ಶಿಡ್ಲಘಟ್ಟದಲ್ಲಿ ಮಲಗಿವೆ.