ಏಳು ಎಣಿಸುವ ತನಕ

ಲಿಂಗಸುಗೂರಿನ ತರಬೇತಿ ಕೋಣೆಯಲ್ಲಿ ಮೂರನೆಯ ದಿನ
ನೋಟುಬುಕ್ಕು ಮುಚ್ಚಿಸಿದರು ರಜಿಯಾ ಮೇಡಂ.
'ಬರಕೊಂಡದ್ದು ಸಾಕ್ರಿ. ಈಗ ಮಾಡ್ರಿ.'

ಹೆಡ್‌ಮಾಸ್ಟರ್ ಅಮರೇಗೌಡರು ಮೂರನೇ ತರಗತಿಯ ಹುಡುಗ,
ಮಂಡಿನೋವು ನುಂಗಿ ಜಮಖಾನೆಯ ಮೇಲೆ ಚಕ್ಕಳಮಕ್ಕಳ.
ಬದಿಯಲ್ಲಿ ಮಸ್ಕಿಯ ಹುಲಿಗೆಮ್ಮ ಟೀಚರು
ಇಪ್ಪತ್ತು ವರ್ಷ ಬ್ಯಾಡ ಬ್ಯಾಡ ಅಂದದ್ದನ್ನೆಲ್ಲ
ಒಂದೇ ಸಲಕ್ಕೆ ಮಾಡುವಂತೆ
ಪಕ್ಕದವರ ಪೆನ್ನು ಕಸಿಯುತ್ತಿದ್ದರು.

ನಾನು ಕೇಳಿದೆ: ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ?
ಕೇಳಿದ ಬಾಯಿ ಮುಚ್ಚುವ ಮೊದಲೇ
ಉತ್ತರವೂ ಹೊರಬಿತ್ತು,
ವಾಶರು ಸವೆದ ನಲ್ಲಿಯ ಹಾಗೆ.
'ನಿಲ್ರಿ. ಅಲ್ಲಿಂದ ಮತ್ತ. ಕೇಳಿದ ಮ್ಯಾಲೆ
ಮನಸಿನಾಗ ಏಳು ಎಣಸ್ರಿ.'

ಎರಡನೇ ಸಲ ಮೂರಕ್ಕೇ ಸೋರಿದೆ.
ಮೂರನೇ ಸಲ ಬಾಯಿ ತಡೆದೆ, ಕೈ ತಡೆಯಲಿಲ್ಲ;
ಸೀಮೆಸುಣ್ಣ ತಾನೇ ಹೋಗಿ 'ದಶಕ ತಗೋ' ಎಂದು ಬರೆಯಿತು.
ಇಪ್ಪತ್ತಾರು ವರ್ಷ ಗಟ್ಟಿ ದನಿಯಲ್ಲೇ ಸಂಬಳ ಉಂಡವನು
ಸುಮ್ಮನಿರಲು ಬೆವರಿದೆ.

ನಾಲ್ಕನೆಯದು.
ಫ್ಯಾನಿನ ಕಟಕಟ. ಮುದಗಲ್ ಬಸ್ಸಿನ ಹಾರನ್ನು.
ಚಹಾದ ಹುಡುಗ ಬಾಗಿಲಲ್ಲಿ, ಒಳಗೆ ಬರಲೋ ಬ್ಯಾಡವೋ.
ಐದು. ಆರು.
ಆಗ ಅಮರೇಗೌಡರು ಗೋಣು ಬಗ್ಗಿಸಿ
ನಾವ್ಯಾರೂ ಕೇಳಿರದ ಒಂದು ಸಣ್ಣ ದನಿಯಲ್ಲಿ:
'ಮೂವತ್ತೈದ್ರಿ ಸರ್ರ.
ಎರಡರಾಗ ಏಳು ಹೋಗಂಗಿಲ್ಲಲ್ರಿ,
ಅದಕ ಏಳರಾಗ ಎರಡು ಕಳದೆ.'

ನಕ್ಕೆವು. ಅವರು ನಗಲಿಲ್ಲ.
'ನಮ್ಮ ಸಾಲಿ ದ್ಯಾವಮ್ಮ ಹಿಂಗ ಬರೀತಿದ್ಲು.
ವರ್ಷಪೂರ್ತಿ ಕೆಂಪು ಗೀಟು ಎಳದೀನಿ.
ಯಾಕ ಅಂತ ಕೇಳಿರಲಿಲ್ಲ.'
ಚಹಾ ಆರಿತು.

ಮಧ್ಯಾಹ್ನ ಅವರ ಸರದಿ: ಹಿಂದೆ ಕೂತು ನನ್ನ ಪಾಠ ನೋಡಿ
ಕಂಡದ್ದಷ್ಟೇ ಹೇಳಬೇಕು.
'ಚಲೋ ಆತು' ಅನ್ನುವಂತಿಲ್ಲ.
ಇನ್‌ಸ್ಪೆಕ್ಷನ್ ಪುಸ್ತಕದ ಮಾತೆಲ್ಲ ಬಾಯಿಗೆ ಬಂದು, ವಾಪಸ್ಸು ಹೋಗಿ,
ಬಹಳ ಹೊತ್ತಿನ ಮೇಲೆ ಅಂದರು:
'ಕಿಡಕಿ ಕಡೆ ಕುಂತವರನ್ನ
ನೀವು ಒಮ್ಮೆನೂ ನೋಡಲಿಲ್ಲ.'

ಸೋಮವಾರ. ಗುರಗುಂಟಾ ದಾಟಿ ನನ್ನ ಶಾಲೆ.
ತೊಗರಿಕಟ್ಟಿಗೆಯ ಕಡ್ಡಿ ಮುರಿದು ಹತ್ತರ ಐದು ಕಟ್ಟು, ಬಿಡಿ ಎರಡು.
ಕಿಡಕಿಯತ್ತ ತಿರುಗಿ ಖಾಜಾಬಿಯನ್ನು ಕೇಳಿದೆ.
ಒಂದು. ಎರಡು.
ಮುಂದಿನ ಸಾಲು ಪೂರ್ತಿ ಕೈ ಎತ್ತಿ 'ನಾ ಹೇಳ್ತೀನ್ರಿ, ನಾ ಹೇಳ್ತೀನ್ರಿ.'
ಮೂರು. ಹಲ್ಲು ಕಚ್ಚಿದೆ.
ನಾಲ್ಕು.
ಖಾಜಾಬಿ ನನ್ನ ಮುಖ ನೋಡಿದಳು, ಕನಿಕರದಿಂದ:
'ಸರ್ರ, ಮರತೀರೇನ್ರಿ?'

ಎದ್ದು ಬಂದಳು ಸಹಾಯಕ್ಕೆ.
ಒಂದು ಕಟ್ಟು ಎತ್ತಿಕೊಂಡು
ದಾರದ ಗಂಟಿಗೆ ಹಲ್ಲು ಹಚ್ಚಿದಳು.

ಮುಂದೆ ಎಷ್ಟು ಎಣಿಸಿದೆನೋ ನೆನಪಿಲ್ಲ.