ಕೈ ಮುಚ್ಚಿದ ಜಾಗ

ಫೋಟೋದಾಗ ನಮ್ಮ ದೊಡ್ಡವ್ವ ಸುಗಲಾಬಾಯಿ
ಕುರ್ಚಿ ಮ್ಯಾಲ ಕೂತಾಳ,
ಬೆನ್ನು ಕುರ್ಚಿಗಿ ತಾಗಿಸಿಲ್ಲ.
ತೊಡಿ ಮ್ಯಾಲ ಒಂದು ಬ್ಯಾಗು,
ಕ್ರೋಶಾದ್ದು, ಹಿತ್ತಾಳಿ ಬಾಯಿದು,
ಬಾಯಿಗಿ ಎರಡು ಗುಂಡು, ಒಂದರ ಮ್ಯಾಲೊಂದು ಹತ್ತಿ
ಟಪ್ ಅಂತ ಮುಚ್ಚೂದು.
ಹಿಂದ ನೀಲಿ ಶಾಯಿ: ಶಹಾಬಾದ, ೧೯೬೭.

ನನಗ ಆ ಬ್ಯಾಗೇ ಬೇಕು.
ಚೀಲಕ್ಕೇನು ಬರ ಬಂದಾದ, ಅಂದಳು ಅವ್ವ,
ಅರಿವಿ ಅಂಗಡಿಯವರು ಕೊಟ್ಟವು
ಬಾಗಲ ಹಿಂದ ಹಿಂಡಗಟ್ಟಲೆ ಜೋತಾಡ್ಲಾಕ ಹತ್ಯಾವ.
ನಾ ಮಾತಾಡಲಿಲ್ಲ.
ಭೂತಗನ್ನಡಿ ಹಿಡದು ಎಣಸಲಾಕ ಕೂತೆ.

ಐದು ಕಂಬ, ಎರಡು ಸರಪಳಿ,
ಐದು ಕಂಬ, ಎರಡು ಸರಪಳಿ,
ನಡುವ ಒಂದು ಹೂವು, ಆರು ಎಸಳಿಂದು.
ಅಲ್ಲ, ಏಳು. ಒಂದು ನೆರಳಿನಾಗ ಅದ.

ಪರಸಿ ಮ್ಯಾಲ ದಾರದುಂಡಿ
ಫ್ಯಾನಿನ ಗಾಳಿಗೇ ಉಳ್ಳಿ ಹೋಗತದ,
ಕಪಾಟಿನ ಕೆಳಗ ಹೋಗಿ ಕಸ ಹತ್ತಿಸಿಕೊಂಡು ಬರತದ.
ಮೇ ತಿಂಗಳು. ಬೆರಳು ಬೆವತು ಕಡ್ಡಿ ಜಾರತದ.
ಹಳೀ ಬಿಳುಪಿನ ದಾರ ಕೇಳಿದ್ದೆ ಅಂಗಡ್ಯಾಗ,
ಹೊಸ ಬಿಳುಪೇ ಇದ್ದಿತ್ತು.
ಎಂಟು ದಿನದಾಗ ನನ್ನ ಕೈಬೆವರೇ ಅದನ್ನ
ಜೋಳದ ಹಿಟ್ಟಿನ ಬಣ್ಣಕ್ಕ ತಂದಿತು.

ಹನ್ನೊಂದನೇ ಸಾಲಿಗಿ ನಿಂತೆ.
ಅಲ್ಲಿಂದ ದೊಡ್ಡವ್ವನ ಕೈ.
ಮೊದಲು ಬಳಿ, ಆಮ್ಯಾಲ ಮುಂಗೈ, ಆಮ್ಯಾಲ
ಅಗಲ ಮಾಡಿಟ್ಟ ಐದು ಬೆರಳು.
ರೊಟ್ಟಿ ಬಡದ ಕೈ, ಫೋಟೋದಾಗೂ ಬಡದಂಗೇ ಕಾಣತದ.
ಅದರ ಕೆಳಗ ಏನದ?
ಇನ್ನೊಂದು ಹೂವೋ, ಬರೇ ಜಾಳಿಗಿಯೋ,
ಯಾರದರೆ ಹೆಸರಿನ ಅಕ್ಷರವೋ?
ಮುಂಜಾನಿ ಒಂದು ಹಾಕಿದೆ, ಸಂಜಿಕ್ಕ ಬಿಚ್ಚಿದೆ.
ಮರುದಿನ ಇನ್ನೊಂದು.
ದಾರ ನವಿರೆದ್ದು ನಿಂತಿತು.

ಕಡೀಕ ಖಮರುದ್ದೀನ ಚಾಚಾನ ಹತ್ತಿರ ಹೋದೆ.
ಆತನ ಅಪ್ಪನ ಸ್ಟುಡಿಯೋ
ಈಗ ಝೆರಾಕ್ಸ್ ಅಂಗಡಿ.
ಫೋಟೋ ಕಣ್ಣಿಗಿ ತಾಗೂಹಂಗ ಹಿಡದು ನೋಡ್ದ, ನಕ್ಕ:
ಇದು ನಿಮ್ಮ ದೊಡ್ಡವ್ವಂದಲ್ಲ ಬೇಟಿ, ನಮ್ಮದು.
ನಡೀಲಾರದ ಗಡಿಯಾರ, ಕಟ್ಟಿಗಿ ಟೆಲಿಫೋನು, ಈ ಬ್ಯಾಗು.
ಫೋಟೋಕ್ಕ ಬಂದ ಹೆಣ್ಣಮಕ್ಕಳಿಗಿ
ಕೈ ಎಲ್ಲಿ ಇಟ್ಟುಕೋಬೇಕು ತಿಳೀತಿದ್ದಿಲ್ಲ, ಅದಕ್ಕ ಕೊಡತಿದ್ದಿವಿ.
ಒಂದು ಕಡಿ ಇಲಿ ಕಡದು ತೂತ ಮಾಡಿತ್ತು.
ಅಲ್ಲೇ ಕೈ ಇಡ್ರಿ ಅಂತ
ಅಬ್ಬಾ ಕಪ್ಪು ಅರಿವಿ ಒಳಗಿಂದ ಕೂಗತಿದ್ದ.

ಬರೂ ಹಾದ್ಯಾಗ ಉದ್ದಕ್ಕೂ ನಕ್ಕೆ,
ರೈಲ್ವೆ ಗೇಟ್ ಬಿದ್ದಿತ್ತು, ಅಲ್ಲಿ ನಗಿ ನಿಂತಿತು.
ಊರಿನ ಎಷ್ಟು ಮನಿ ಗ್ವಾಡಿಗಿ
ಎಷ್ಟು ಹೆಂಗಸರು ಆ ಒಂದೇ ತೂತ ಮುಚ್ಚಿಕೊಂಡು
ಕೂತಾರೋ ಏನೋ.
ದೊಡ್ಡವ್ವ ಜನ್ಮಪೂರ್ತಿ ರೊಕ್ಕ ಇಟ್ಟದ್ದು
ಸೆರಗಿನ ಗಂಟಿನಾಗ.

ಹಿತ್ತಾಳಿ ಬಾಯಿ ಕಲಬುರ್ಗಿಯ
ಚಪ್ಪಲ್ ಬಜಾರದಾಗ ಸಿಕ್ಕಿತು, ಹಳೇ ಸಾಮಾನಿನ ಗುಂಪ್ಯಾಗ.
ಎಂಬತ್ತು ಹೇಳಿದ, ಐವತ್ತಕ್ಕ ಕೊಟ್ಟ.
ಒಂದು ಗುಂಡು ಸೊಟ್ಟ,
ಎರಡು ಸಲ ಒತ್ತಿದರ ಮುಚ್ಚತದ.
ಹನ್ನೊಂದನೇ ಸಾಲಿನಾಗ ಇಪ್ಪತ್ತು ಕಂಬ ಬಿಟ್ಟೆ,
ಮುಂದಿನ ಸಾಲುಗಳು ಸುತ್ತು ಹಾಕಿ ಹೋದವು,
ನಡುವ ನನ್ನ ಅಂಗೈಯಷ್ಟು ಜಾಗ ಖಾಲಿ.

ಹೊಲಸ ಕೆಲಸ, ಅಂದಳು ಅವ್ವ. ಮುಗಿಸ್ಲಿಲ್ಲೇನು?
ಕ್ರೋಶಾ ಅಂದ್ರೇ ತೂತವ್ವಾ, ಅಂದೆ,
ಸುತ್ತ ದಾರ ಕಟ್ಟೂದು, ಅಷ್ಟೇ.
ಆಕಿ ಬಾಯಿ ಸೊಟ್ಟ ಮಾಡಿದಳು.

ಇವತ್ತು ಸೇಡಂಕ್ಕ ಹೊಂಟೀವಿ, ತಂಗಿ ಮಗಳ ಕುಬಸ.
ಅವ್ವ ಅದೇ ಬ್ಯಾಗ ತಗೊಂಡಾಳ, ಕೇಳದೇನೇ.
ಒಳಗ ಬಿಪಿ ಗುಳಿಗಿ, ಕರ್ಚಿಪ, ಒಂದು ಪುಡಕಿ ಬಡೆಸೋಪು.
ಬಸ್ಸಿನಾಗ ತೊಡಿ ಮ್ಯಾಲ ಇಟ್ಟುಕೊಂಡು ಕೂತಾಳ,
ಕೈ ಎಲ್ಲಿ ಅದ ಅಂತ ನಾ ಹೇಳೂದಿಲ್ಲ.

ಕಂಡಕ್ಟರ್ ಬಂದ.
ಆ ಸೊಟ್ಟ ಗುಂಡಿನ ಗೋಜಿಗೇ ಹೋಗಲಿಲ್ಲ ಆಕಿ,
ತೂತಿನಾಗ ಎರಡು ಬೆರಳು ಇಳಿಸಿ
ಆಧಾರ ಕಾರ್ಡ ಎಳದು ತೋರಿಸಿದಳು.