ಮೂರನೇ ಪದರ

ದಾವಣಗೆರೆ. ಹತ್ತಿ ಗಿರಣಿ ಕೆಡವಿದ ಜಾಗ.
ಎರೆಮಣ್ಣು ಆಳುದ್ದ ತೆಗೆಸಿ
ಗರಸು ತುಂಬುತ್ತಿದ್ದಾರೆ, ಒಂಬತ್ತಿಂಚಿಗೊಂದು ಪದರ.

"ಆನಿ ನಿಂತ್ರೂ ಜಗ್ಗಲ್ಲ ಮೇಡಂ,"
ರೋಲರಿನ ದಸ್ತಗೀರ್ ಹಿಮ್ಮಡಿ ಕುಟ್ಟಿ ತೋರಿಸಿದ.

ಮಂಡಿಯೂರಿ
ತಟ್ಟೆಯ ತೂತಿನಷ್ಟೇ ಗುಂಡಿ ತೋಡಿದೆ ಉಳಿಯಿಂದ.
ಗೋರಿದ ಮಣ್ಣು, ಒಂದು ಹರಳೂ ಬಿಡದೆ, ಚೀಲಕ್ಕೆ.
ಸಿಲಿಂಡರಿನ ಕೀಲಿ ತಿರುವಿದರೆ
ಒಣ ಮರಳು ಸರ್ರನೆ ಇಳಿದು
ನಿಂತುಬಿಡುತ್ತದೆ.
ಮಿಕ್ಕಿದ್ದನ್ನು ತೂಗಬೇಕು:
ಖಾಲಿಗೂ ತೂಕವಿದೆ ನಮ್ಮ ಕಸುಬಿನಲ್ಲಿ.

ತೊಂಬತ್ತೊಂದು.
ಬೇಕಿದ್ದುದು ತೊಂಬತ್ತೈದು.

ಇನ್ನೊಂದು ತೋಡಿದೆ, ಕಾಲಂ ಗುರುತಿನ ಪಕ್ಕ.
ಉಳಿಗೆ ತಾಗಿದ್ದು ನೂಲಿನ ಕಂಡಿಕೆ,
ಅರ್ಧ ಲಡ್ಡು, ಮೈಗಿನ್ನೂ ನಾಲ್ಕೆಳೆ.
ಕೆಡವಿದ ಗಿರಣಿಯೇ ಲಾರಿ ಹತ್ತಿ, ಊರು ಸುತ್ತಿ,
ಗರಸಿನ ಬಿಲ್ಲಿನಲ್ಲಿ ವಾಪಸು ಬಂದಿತ್ತೇ?
"ಕಟ್ಟಿಗಿ ಚೂರು, ಬಿಡ್ರಿ," ಎಂದರು ಮೇಸ್ತ್ರಿ ಹಾಲಸ್ವಾಮಿ.
ಕಟ್ಟಿಗೆ ಕೊಳೆಯುತ್ತದೆ.
ಕೊಳೆತಷ್ಟೂ ನೆಲ ಕೂರುತ್ತದೆ,
ನಾವು ಯಾರೂ ಇಲ್ಲದ ಒಂದು ಮಳೆಗಾಲದಲ್ಲಿ.

ಹಾಳೆಯಲ್ಲಿ ಬರೆದೆ: ಮೂರನೇ ಪದರ, ತೆಗೆದು ಮತ್ತೆ ತುಂಬುವುದು.
ನೀರಿನ ಟ್ಯಾಂಕರು ತೊಟ್ಟಿಕ್ಕುತ್ತಿತ್ತು,
ಅಷ್ಟೇ ಸದ್ದು.

ದಸ್ತಗೀರ್ ಬೀಡಿ ಆರಿಸಿ ಬಂದು
ಕಂಡಿಕೆಯ ಎಳೆ ಹಿಡಿದು ಜಗ್ಗಿದ.
ಹರಿಯಲಿಲ್ಲ.
"ಇದು ನೋಡ್ರಿ ಮೇಡಂ," ಎಂದ,
"ಗಟ್ಟಿ ಐತಿ."